ಅಳಿವೆಯ ಕಂಬ

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ಕೆರೆಯ ನೀರು ತಿಂಗಳು ತಿಂಗಳು ಏರಿದ ಮಟ್ಟಕ್ಕೊಂದು ಗೆರೆ, ಇಳಿದ ಮಟ್ಟಕ್ಕೊಂದು ಗೆರೆ ಕಂಪ್ಯೂಟರಿನಲ್ಲಿ ಎಳೆದೆ. ಕೆರೆ ತುಂಬಿದ ತಿಂಗಳಲ್ಲಿ ಎರಡರ ಮಧ್ಯ ಹಿಡಿದು, ಅದೇ ಮಟ್ಟದಲ್ಲಿ ವರ್ಷದುದ್ದಕ್ಕೂ ನೇರವಾಗಿ ನಡುಗೆರೆ ಹಾಕಿದೆ. ಬೇಸಿಗೆ ಬರುವಷ್ಟರಲ್ಲಿ ಅದು ಮೇಲಿನ ಗೆರೆಯನ್ನೇ ದಾಟಿ ಹೋಗಿದೆ. ಈ ತಂತ್ರಾಂಶವೇ ಸರಿಯಿಲ್ಲ, ಅಲ್ಲವೇ?"

ಗುರು ಹೇಳಿದರು:

ನದಿ ಕಡಲು ಸೇರುವ ಅಳಿವೆಯಲ್ಲಿ ಒಬ್ಬ ಅಂಬಿಗನಿದ್ದ. ಅಳಿವೆಯ ಎರಡೂ ಬದಿಗೆ ಮರಳ ದಿಬ್ಬ, ನಡುವೆ ಆಳದ ನೀರು. ಹಿಂದೆ ಹಿರಿಯರು ದಿಬ್ಬದಿಂದ ದಿಬ್ಬಕ್ಕೆ ಹಗ್ಗ ಎಳೆದು, ಎರಡಾಗಿ ಮಡಿಸಿ, ಮಧ್ಯ ಕಂಡು, ಅಲ್ಲೊಂದು ಕಂಬ ನೆಟ್ಟಿದ್ದರು. ದೋಣಿಗಳು ಅದನ್ನೇ ಮೂಗಿನ ನೇರಕ್ಕೆ ಹಿಡಿದು ಬರುತ್ತಿದ್ದವು. ಕಂಬಕ್ಕೆ ವರ್ಷಕ್ಕೊಮ್ಮೆ ಪೂಜೆಯೂ ಆಗುತ್ತಿತ್ತು. ದಿಬ್ಬಗಳು ಮಾತ್ರ ಮಳೆಗಾಲಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದವು.

ಒಂದು ವರ್ಷ ಕಂಬದ ಬುಡದಲ್ಲೇ ದೋಣಿಯೊಂದು ಮರಳಿಗೆ ಸಿಕ್ಕಿ ಒಡೆಯಿತು. ಊರವರು "ಕುಣಿಯಲಾರದವನಿಗೆ ನೆಲ ಡೊಂಕು" ಎಂದು ದೋಣಿ ನಡೆಸಿದವನನ್ನೇ ಜರೆದರು. ಕಂಬವನ್ನು ಯಾರೂ ಅನುಮಾನಿಸಲಿಲ್ಲ.

ಅಂಬಿಗನ ತಮ್ಮ ಕಡಲಿಗೆ ಹೋಗಿದ್ದ. ಗಾಳಿ ತಿರುಗುವ ಸೂಚನೆಯಿತ್ತು. ನೀರಿಳಿದು ದಿಬ್ಬಗಳು ಕಂಡ ಹೊತ್ತಿನಲ್ಲಿ ಅಂಬಿಗ ಹಗ್ಗ ಹಿಡಿದು ಹೊರಟ. ಇನ್ನೊಂದು ತುದಿ ಹಿಡಿದವಳು ತಮ್ಮನ ಹೆಂಡತಿ. ಅಳಿವೆಯ ಬಾಯಿಂದ ಒಳಗಿನವರೆಗೆ ಸ್ವಲ್ಪ ಸ್ವಲ್ಪ ಸಾಗಿದಲ್ಲೆಲ್ಲ ಎಳೆದರು, ಮಡಿಸಿದರು, ಮಧ್ಯ ಸಿಕ್ಕಲ್ಲಿ, ಕೊಚ್ಚಿಹೋಗದಂತೆ ಉದ್ದ ದಾರದಲ್ಲಿ ಕಲ್ಲು ಕಟ್ಟಿದ ಒಣ ತೆಂಗಿನಕಾಯಿ ತೇಲಿಬಿಟ್ಟರು.

ದಡದಲ್ಲಿ ಕೂತ ಮುದುಕನೊಬ್ಬ ನಕ್ಕ: "ಏನೋ, ನಿಮ್ಮಜ್ಜ ಅಳೆದದ್ದು ಸಾಲದೆ ಹೋಯಿತೇ? ನಿನ್ನ ಕಾಯಿಗಳ ಸಾಲು ನೋಡು, ಕುಡುಕ ಮನೆಗೆ ಹೋದ ಹಾಗಿದೆ!"

"ಅಜ್ಜ ಅಳೆದದ್ದು ಸರಿಯೇ, ಮಾವ. ದಿಬ್ಬ ಅಜ್ಜನ ಮಾತು ಕೇಳಬೇಕಲ್ಲ!"

ಸಂಜೆ ಗಾಳಿ ಎದ್ದಿತು. ತಮ್ಮನ ದೋಣಿ ಮುಂದೆ, ಊರಿನ ಉಳಿದ ದೋಣಿಗಳು ಹಿಂದೆ, ಎಲ್ಲವನ್ನೂ ಅಲೆ ಅಟ್ಟಿಕೊಂಡು ಬರುತ್ತಿತ್ತು. ಅಂಬಿಗ ಅಳಿವೆಯ ಬಾಯಲ್ಲಿ ನಿಂತು ಕೂಗಿದ: "ಕಂಬ ಬಿಡು ತಮ್ಮಾ! ಕಾಯಿ ಹಿಡಿ!"

ಕಾಯಿ ಬಾಗಿದಲ್ಲಿ ದೋಣಿ ಬಾಗಿತು. ಒಂದರ ಹಿಂದೆ ಒಂದು ಎಲ್ಲವೂ ಒಳಬಂದವು. ಒಂದರ ತಳಕ್ಕೂ ಮರಳು ತಾಗಲಿಲ್ಲ. ನಕ್ಕಿದ್ದ ಮುದುಕನೇ ಸೊಂಟನೋವು ಮರೆತು, ನೀರಿಗಿಳಿದು ಅಂಬಿಗನನ್ನು ಎತ್ತಿಕೊಂಡ. ದಡವೆಲ್ಲ ಕೇಕೆ.

"ಕಾಯಿ ಇದ್ದಲ್ಲೆಲ್ಲ ನಾಳೆಯೇ ಕಂಬ ನೆಡೋಣ!" ಎಂದರು ಊರವರು.

ಅಂಬಿಗ ಅವರ ಕೈಗೆ ಅಳೆಯುವ ಹಗ್ಗ ಕೊಟ್ಟ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಕಂಪ್ಯೂಟರಿನತ್ತಲೇ ನೋಡುತ್ತಿದ್ದ. "ಹಾಗಾದರೆ ತಂತ್ರಾಂಶದ ತಪ್ಪು?" ಎಂದ.

"ಅದರ ಕೈಗೆ ನೀನು ಕೊಟ್ಟದ್ದು ಹಗ್ಗವನ್ನೋ, ಕಂಬವನ್ನೋ?"