ಹೆಂಡದಂಗಡಿಯ ಸೀಸೆ

ಫ್ರೀಟೌನ್ ಬಂದರಿನ ತಾಳೆ ಹೆಂಡದ ಅಂಗಡಿಯಲ್ಲಿ ನಾವಿಕ ನಿಮ್ಲಿ ತನ್ನ ಗಿಟಾರ್ ನುಡಿಸುತ್ತಿದ್ದ. ಅಂಗಡಿಯವಳು ಖಾಲಿ ಸೀಸೆಯೊಂದನ್ನು ಚಮಚದಿಂದ ಬಡಿದು ತಾಳ ಹಾಕುತ್ತಿದ್ದಳು.

"ನಾನು ಸಮುದ್ರಗಳನ್ನು ದಾಟಿ ಬಂದಿದ್ದೇನೆ. ಈ ಹಾಡು ನನ್ನದು," ಎಂದಿತು ಗಿಟಾರ್. "ನೀನು ಯಾರೋ ಕುಡಿದು ಬಿಟ್ಟ ಸೀಸೆ. ಸುಮ್ಮನಿರು."

"ಆಗಲಿ," ಎಂದಿತು ಸೀಸೆ. "ಹಡಗಿನಿಂದ ಇಳಿದಾಗ ನಿನಗೆ ಈ ಹಾಡು ಬರುತ್ತಿತ್ತೇ?"

ಮರುದಿನ ಹಡಗು ಹೊರಟಿತು. ಆ ಹಾಡಿನ ಸುದ್ದಿ ಕೇಳಿದ್ದ ಮುಂದಿನ ಬಂದರಿನ ಜನ ನಿಮ್ಲಿಯನ್ನು ಸುತ್ತುವರಿದು, ಹೆಂಡದಂಗಡಿಯ ಹಾಡನ್ನೇ ನುಡಿಸು ಎಂದರು. ಅವನು ತಂತಿ ಮೀಟಿದ, ತಡವರಿಸಿದ, ಮತ್ತೆ ಮೀಟಿ ನಿಲ್ಲಿಸಿಬಿಟ್ಟ.

"ಏನು ಕಡಿಮೆಯಾಯಿತು?" ಎಂದರು ಜನ.

ನಿಮ್ಲಿ ಬಾಯಿ ತೆರೆಯುವ ಮೊದಲೇ ಗಿಟಾರ್ ಮೆಲ್ಲಗೆ ಹೇಳಿತು: "ಒಂದು ಖಾಲಿ ಸೀಸೆ."