ಪಂಕ್ತಿಯ ಕೊನೆಯ ಎಲೆ

ಹೊಳೆಯ ಈಚೆ ದಡದಲ್ಲಿ ಮರುಳಯ್ಯನವರ ಮಠ. ಆಚೆ ದಡದಲ್ಲಿ ಔಷಧಿ ಅಂಗಡಿ. ಮಠದವರಿಗೆ ಬೇಕಾದ ಮಾತ್ರೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ಚಾಟ್‌ನಲ್ಲಿ ಅಂಗಡಿಗೆ ತಾನಾಗೇ ಕಳಿಸುವ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದವನು ಶಿಷ್ಯ ಸೋಮಲಿಂಗ. ಬರೆದ ಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ ಬಿಡಿ!

ಪಟ್ಟಿಯ ಕೊನೆಯ ಹೆಸರು ಅಡುಗೆಯ ಪುಟ್ಟತಾಯಮ್ಮನದು. ನನ್ನದು ಕೊನೆಗಿರಲಿ ಅಂದವರು ಅವರೇ. ಎರಡು ವಾರ ಅವರ ಫಿಟ್ಸ್ ಮಾತ್ರೆ ಬರಲಿಲ್ಲ. ಮೂರನೆಯ ವಾರ ಒಲೆಯ ಮುಂದೆಯೇ ಬಿದ್ದರು. ಎಡಗೈ ಸುಟ್ಟಿತು.

"ನಾನು ಕಳಿಸಿದ್ದೀನಿ, ಬುದ್ಧಿ," ಅಂದ ಸೋಮಲಿಂಗ. "ಅವರ ನೆಟ್ಟೇ ಸರಿಯಿಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಕಳಿಸಿದ ಮೇಲೆ ಏನ್ ಮಾಡ್ತೀಯ?" ಅಂದರು ಗುರು ಮರುಳಯ್ಯನವರು.

"ಸಾಕೆಟ್ ಮುಚ್ತೀನಿ. ಅಂದ್ರೆ, ಎರಡು ಕಂಪ್ಯೂಟರ್ ನಡುವಿನ ದಾರಿ. ಕಳಿಸಿದ ಮರುಕ್ಷಣವೇ ಮುಚ್ಚೋದು, ತಡವೇ ಇಲ್ಲ." ಹೇಳುವಾಗ ಅವನಿಗೆ ಹೆಮ್ಮೆ.

ಗುರುಗಳು ಎದ್ದು ಪಂಕ್ತಿಯತ್ತ ನಡೆದರು. ಊಟದ ಹೊತ್ತಾಗಿತ್ತು.

ಪಂಕ್ತಿಯಲ್ಲಿ ಹಿರಿಯರು ಎದ್ದರೆ ಎಲ್ಲರೂ ಏಳಬೇಕು, ಅದು ಆ ಮಠದ ಪದ್ಧತಿ. ಅದಕ್ಕೇ ಮರುಳಯ್ಯನವರು ಕೊನೆಯವರು ಉಣ್ಣುವ ತನಕ ಖಾಲಿ ಎಲೆಯ ಮುಂದೆ ಕೂತಿರುತ್ತಿದ್ದರು. ಅವತ್ತು ಕಡೆಯ ಪಂಕ್ತಿಯಲ್ಲಿದ್ದವರು ಗುರು ಶಿಷ್ಯ ಇಬ್ಬರೇ. ಬಡಿಸಿ ಮುಗಿದದ್ದೇ ತಡ, ಗುರುಗಳು ಎದ್ದುಬಿಟ್ಟರು.

ಸೋಮಲಿಂಗನ ಮೊದಲ ತುತ್ತು ಇನ್ನೂ ಕೈಯಲ್ಲೇ ಇತ್ತು.

"ಬುದ್ಧಿ, ಹೊಟ್ಟೆ ಹಸೀತಿದೆ!"

"ಬಡಿಸಿ ಆಯ್ತಲ್ಲ?"

"ಎಲೆಗೆ ಬಿದ್ದಿದ್ದು ಹೊಟ್ಟೆಗೆ ಬಿದ್ದ ಹಾಗಾ?" ಅಂದವನಿಗೆ ತನ್ನ ಸ್ಕ್ರಿಪ್ಟ್ ನೆನಪಾಯ್ತು. ಮುಖ ಕಪ್ಪಿಟ್ಟಿತು. ಕೈ ತೊಳೆದು ಓಡಿದ.

ಕಳಿಸು ಅಂದ ಹೆಸರುಗಳೆಲ್ಲ ಮೊದಲು ಮಠದ ಕಂಪ್ಯೂಟರ್ ಒಳಗೇ ಸರದಿಯಲ್ಲಿ ನಿಲ್ಲುತ್ತಿದ್ದವು, ಒಂದೊಂದಾಗಿ ಹೊರಡುತ್ತಿದ್ದವು. ಇವನು ದಾರಿ ಮುಚ್ಚುವಾಗ ಸರದಿಯಲ್ಲಿ ಉಳಿದಿರುತ್ತಿದ್ದದ್ದು ಪುಟ್ಟತಾಯಮ್ಮನ ಹೆಸರು ಒಂದೇ. ಅಯ್ಯೋ ಅಂತ ಕೂತು ಅತ್ತ. ಆಮೇಲೆ, ಆಚೆಯಿಂದ 'ಪೂರ್ತಿ ಬಂತು' ಅನ್ನುವ ಉತ್ತರ ಬಂದ ಮೇಲಷ್ಟೇ ಮುಚ್ಚುವಂತೆ ತಿದ್ದಿ ಬರೆದು, ಪಟ್ಟಿ ಕಳಿಸಿದ.

ಮರುದಿನ ದೋಣಿಯಲ್ಲಿ ಮಾತ್ರೆ ಬಂತು. ಪುಟ್ಟತಾಯಮ್ಮ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಪಂಕ್ತಿಯ ಕೊನೆಗೆ ಬಂದು ಕೂತರು.

ಸೋಮಲಿಂಗ ಗಬಗಬ ಉಂಡ. "ಎಲ್ಲ ಸರಿಹೋಯ್ತು, ಬುದ್ಧಿ. ಇನ್ನು ಏಳೋಣವಾ?"

ಗುರುಗಳು ಖಾಲಿ ಎಲೆಯ ಮುಂದೆ ಕೂತು ಪಂಕ್ತಿಯ ಕೊನೆ ನೋಡುತ್ತಿದ್ದರು.

"ಆಯಮ್ಮ ಇನ್ನೂ ಮಜ್ಜಿಗೆ ಅನ್ನ ಕಲಸ್ತಿದಾರೆ. ಕೂತ್ಕೊ."