ಗಾಣಿಗನ ಮನೆಯ ಎರಡು ಊಟ

“ಗುರುಗಳೇ, ಪುಷ್ಯಮಾಸದಲ್ಲಿ ತುಪ್ಪ ತಿನ್ನು ಎಂದವರು ನೀವೇ. ಈಗ ಚೈತ್ರ ಬಂತು, ತುಪ್ಪ ಬಿಡು ಎನ್ನುತ್ತೀರಿ. ಎಲ್ಲ ಕಾಲಕ್ಕೂ ಹಿತವಾದ ಊಟ ಒಂದನ್ನು ಹೇಳಿಬಿಡಿ. ಸಾಯುವತನಕ ಅದನ್ನೇ ಉಂಡು ಇರುತ್ತೇನೆ” ಎಂದು ಶಿಷ್ಯ ಅಡವಯ್ಯ ಕೇಳಿದನು.

ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದನು. ಎಳ್ಳು ಅರೆದು ಎಣ್ಣೆ ತೆಗೆಯುವುದು ಅವನ ಕಸುಬು. ಒಂದು ಹಿಡಿ ಎಳ್ಳನ್ನು ಮೂಸಿದರೆ ಸಾಕು, ಅದು ಯಾವ ಹೊಲದ್ದು, ಎಷ್ಟು ಹಳೆಯದು ಎಂದು ಹೇಳಬಲ್ಲವನಾಗಿದ್ದನು. ಮಾತು ಕಡಿಮೆ. ಹೆಂಡತಿ ಬಾಳವ್ವ ಬಡಿಸಿದ್ದನ್ನು ಉಂಡು ಕೈತೊಳೆದು ಏಳುವನು. ಚೆನ್ನಾಗಿದೆ ಎಂದವನಲ್ಲ, ಚೆನ್ನಾಗಿಲ್ಲ ಎಂದವನೂ ಅಲ್ಲ.

ಒಂದು ವರ್ಷ ಚಳಿ ಬಲವಾಗಿ ಬಿತ್ತು. ಚಳಿಗೆ ಹಸಿವು ಹೆಚ್ಚು. ಬಾಳವ್ವ ಉದ್ದಿನ ಕಡುಬು ಬೇಯಿಸಿ, ಮೇಲೆ ತುಪ್ಪ ಸುರಿದು, ಪಕ್ಕಕ್ಕೆ ಗಟ್ಟಿ ಮೊಸರು, ಎಳ್ಳುಂಡೆ ಇಟ್ಟು ಬಡಿಸಿದಳು. ಗಾಣಿಗ ಎಲೆಯನ್ನು ಬರಿದು ಮಾಡಿ, “ಇಂಥ ಊಟ ನಾನು ಹುಟ್ಟಿದ ಮೇಲೆ ಉಂಡಿಲ್ಲ” ಎಂದನು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಅವಳ ಕಿವಿಗೆ ಬಿದ್ದ ಮೊದಲ ಹೊಗಳಿಕೆ ಅದು. ಮರುದಿನವೂ ಅವಳು ಅದೇ ಅಡುಗೆ ಮಾಡಿದಳು. ಅದರ ಮರುದಿನವೂ ಅದೇ. ಚಳಿ ಇರುವಷ್ಟು ದಿನ ಗಾಣಿಗನ ಮೈ ತುಂಬಿಕೊಂಡು ಬಂತು. ದಣಿವೆಂಬುದಿಲ್ಲದೆ ದುಡಿದನು.

ಶಿವರಾತ್ರಿ ಕಳೆಯಿತು. ಚಳಿ ಹೋಯಿತು. ಬೇವು ಹೂಬಿಟ್ಟಿತು. ಬಾಳವ್ವನ ಒಲೆಯ ಮೇಲೆ ಮಾತ್ರ ಅದೇ ಕಡುಬು.

ಗಾಣಿಗನಿಗೆ ಉಂಡ ಕೂಡಲೇ ಕಣ್ಣು ಎಳೆಯತೊಡಗಿತು. ನಡುಹಗಲಿಗೆ ಮಲಗಿದರೆ ಸಂಜೆಗೆ ಏಳುವನು, ಎದ್ದರೂ ಮೈ ಭಾರ. ಎದೆಯಲ್ಲಿ ಕಫ ಕಟ್ಟಿತು, ಮೂಗು ಮುಚ್ಚಿತು, ನಾಲಿಗೆಗೆ ರುಚಿ ತಿಳಿಯದಾಯಿತು. ಅವನು ಕಡಿಮೆ ಉಂಡಷ್ಟೂ ಬಾಳವ್ವ ತುಪ್ಪವನ್ನು ಹೆಚ್ಚು ಹಾಕಿದಳು.

ಒಂದು ದಿನ ಅವನು ಮುಗ್ಗಲು ಹಿಡಿದ ಎಳ್ಳನ್ನು ಗಾಣಕ್ಕೆ ಹಾಕಿ ಅರೆದನು. ಎಣ್ಣೆ ಒಯ್ದವರು ಮರುದಿನ ಗಡಿಗೆ ಸಮೇತ ಬಂದು ಬಾಗಿಲಲ್ಲಿ ನಿಂತರು. ಗಾಣಿಗ ಗಡಿಗೆಯನ್ನು ಮೂಗಿಗೆ ಹಿಡಿದು ಮೂಸಿದನು. ಏನೂ ಗೊತ್ತಾಗಲಿಲ್ಲ. ಹೆಂಡತಿಯ ಕಡೆಗೆ ಚಾಚಿದನು. ಅವಳು ಮೂಸಿ ತಲೆ ತಗ್ಗಿಸಿದಳು. ಗಾಣಿಗ ಗಾಣ ತಿರುಗಿಸುವ ಎತ್ತನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದವನು ಮತ್ತೆ ಗಾಣದ ಹತ್ತಿರ ಹೋಗಲಿಲ್ಲ.

ಊರಾಚೆ ನಾರುಬೇರಿನ ಮದ್ದು ಕೊಡುವ ಮುದುಕಿಯೊಬ್ಬಳಿದ್ದಳು. ಬಾಳವ್ವ ಅವಳ ಬಳಿಗೆ ಹೋದಳು. ಮುದುಕಿ ರೋಗವೇನೆಂದು ಕೇಳಲಿಲ್ಲ. “ನಿನ್ನೆ ಏನು ಅಡುಗೆ ಮಾಡಿದ್ದೆಯವ್ವಾ?” ಎಂದಳು. ಬಾಳವ್ವ ಎಲ್ಲವನ್ನೂ ಹೇಳಿದಳು.

“ಚಳಿಯಲ್ಲಿ ಮೈಯೊಳಗೆ ಕೂಡಿದ ಕಫ ಹೆಪ್ಪುಗಟ್ಟಿ ಕುಳಿತಿತ್ತು. ಈಗ ಬಿಸಿಲು ತಾಗಿ ಕರಗಿ ಹರಿಯುತ್ತಿದೆ, ಹೊಟ್ಟೆಯ ಬೆಂಕಿಯನ್ನು ಕುಂದಿಸುತ್ತಿದೆ. ಕುಂದಿದ ಒಲೆಗೆ ನೀನು ಹಸಿ ಕೊರಡು ತುರುಕುತ್ತಿದ್ದೀಯೆ” ಎಂದಳು ಮುದುಕಿ. ಆಮೇಲೆ ಮಾಡಬೇಕಾದ್ದನ್ನು ಹೇಳಿದಳು. ಹಳೆಯ ಜವೆಗೋಧಿಯ ರೊಟ್ಟಿ, ಮೆಣಸು ಹಾಕಿದ ಹೆಸರುಬೇಳೆಯ ಕಟ್ಟು, ಕಹಿ ಸೊಪ್ಪು, ಶುಂಠಿ ಕುದಿಸಿದ ನೀರು. ಕುದಿಸಿ ಆರಿಸಿದ ನೀರಿಗೆ ಒಂದಿಷ್ಟು ಜೇನು. ಮೊಸರು ಬೇಡ, ಹಗಲು ನಿದ್ದೆ ಬೇಡ. ಬೆಳಗ್ಗೆ ಎದ್ದು ಬೆವರು ಬರುವಷ್ಟು ನಡೆಯಬೇಕು, ಮೈಗೆ ಎಣ್ಣೆಯ ಬದಲು ಕಡಲೆಹಿಟ್ಟು ಉಜ್ಜಿ ಸ್ನಾನ ಮಾಡಬೇಕು. “ಬಿಸಿಲು ಬಲಿತ ಮೇಲೆ ಇನ್ನೊಮ್ಮೆ ಬಾ” ಎಂದೂ ಹೇಳಿದಳು.

ಅಂದು ಎಲೆಯ ಮೇಲೆ ಬಿದ್ದುದನ್ನು ಗಾಣಿಗ ನೋಡಿದನು.

“ಎಣ್ಣೆ ತೆಗೆಯುವವನ ಮನೆಯಲ್ಲಿ ಒಣ ರೊಟ್ಟಿಯೇ? ಗಾಣ ನಿಂತಿತೆಂದು ನಾನು ನಿನಗೆ ಬೇಡವಾದೆನೇ?”

ಬಾಳವ್ವ ತನ್ನ ಎಲೆಗೂ ಅದನ್ನೇ ಬಡಿಸಿಕೊಂಡು ಅವನೆದುರು ಕುಳಿತು ಉಂಡಳು. ಅವನು ಎದ್ದು ಹೋದನು. ಎರಡನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಹಸಿವು ತಾಳಲಾರದೆ ಉಂಡನು. ಆಮೇಲೆ ಬೆಳಗ್ಗೆ ನಡೆಯಲೂ ಹೊರಟನು.

ಇಪ್ಪತ್ತು ದಿನ ಕಳೆದವು. ಒಂದು ಮುಂಜಾನೆ ಅವನು ಮೂಟೆಯಿಂದ ಒಂದು ಹಿಡಿ ಎಳ್ಳು ತೆಗೆದು ಮೂಗಿನ ಬಳಿ ಹಿಡಿದು, “ಇದು ಕೆರೆಯ ಕೆಳಗಿನ ಹೊಲದ್ದು” ಎಂದನು. ಬಾಳವ್ವನ ಕಣ್ಣು ತುಂಬಿತು. ಗಾಣ ಮತ್ತೆ ತಿರುಗಿತು. ಗಾಣಿಗ ಅಂದೇ ನೆರೆಹೊರೆಯವರೆದುರು ಆಣೆ ಮಾಡಿದನು: ಪ್ರಾಣ ಇರುವ ತನಕ ಇದೇ ಊಟ, ಇದೇ ದಿನಚರಿ.

ವೈಶಾಖ ಕಳೆದು ಜ್ಯೇಷ್ಠ ಬಂತು. ನೆಲ ಕಾದು ಬಿರಿಯಿತು. ಎತ್ತು ಕೂಡ ನೆರಳು ಹುಡುಕಿತು. ಗಾಣಿಗ ಮಾತ್ರ ಒಣ ರೊಟ್ಟಿ ತಿಂದು, ಮೆಣಸಿನ ಕಟ್ಟು ಕುಡಿದು, ಬೆಳಗ್ಗೆ ಎದ್ದು ಎರಡು ಹರದಾರಿ ನಡೆದು ಬರುತ್ತಿದ್ದನು. ಮೈ ಒಣಗಿ ಚರ್ಮ ಒಡೆಯಿತು. ಬಾಳವ್ವ ಮತ್ತೆ ಮುದುಕಿಯ ಬಳಿಗೆ ಹೋಗಿ ಬಂದು, ತಣ್ಣಗಿನ ಹಾಲು ಬೆರೆಸಿದ ಅಕ್ಕಿಯ ಗಂಜಿ ಮಾಡಿದಳು.

“ಬಿಸಿಲು ಬಲಿಯಿತು. ಇದನ್ನು ಕುಡಿದು ಸ್ವಲ್ಪ ಹೊತ್ತು ನೆರಳಲ್ಲಿ ಮಲಗಿರಿ” ಎಂದಳು.

“ಒಮ್ಮೆ ನನ್ನನ್ನು ಕೆಡಿಸಿದ್ದು ಸಾಲದೇ?” ಎಂದನು ಗಾಣಿಗ.

ಬಾಳವ್ವ ಗಂಜಿಯನ್ನು ಒಳಗೆ ಕೊಂಡೊಯ್ದಳು. ಆ ಮಾತು ಅವಳಿಗೆ ನಾಟಿತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ.

ನಾಲ್ಕು ದಿನದ ಮೇಲೆ ನಡುಮಧ್ಯಾಹ್ನ ಗಾಣದ ಸದ್ದು ನಿಂತಿತು. ಅವಳು ಓಡಿ ಬಂದಳು. ಗಾಣಿಗ ತಲೆ ತಿರುಗಿ ಕೆಳಗೆ ಬಿದ್ದಿದ್ದನು. ಎತ್ತು ಅವನನ್ನು ತುಳಿಯದೆ ನಿಂತಿತ್ತು. ಬಾಳವ್ವ ಅವನನ್ನು ನೆರಳಿಗೆ ಎಳೆದು, ಮುಖಕ್ಕೆ ನೀರು ಚಿಮುಕಿಸಿ, ಎಚ್ಚರವಾದ ಮೇಲೆ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಈ ಸಲ ಅವನು ಬೇಡ ಎನ್ನಲಿಲ್ಲ. ಎದ್ದು ಓಡಾಡಲು ಅವನಿಗೆ ಹತ್ತು ದಿನ ಬೇಕಾಯಿತು.

ಹತ್ತನೆಯ ದಿನ ಗಾಣಿಗ ಕೇಳಿದನು: “ಆ ಊಟ ನನ್ನನ್ನು ಬೆಳೆಸಿತು, ಅದೇ ಕೆಡವಿತು. ಈ ಊಟ ನನ್ನನ್ನು ಎಬ್ಬಿಸಿತು, ಇದೂ ಕೆಡವಿತು. ಇನ್ನು ನಾನು ಉಣ್ಣುವುದೇನು?”

“ಅಂಗಳಕ್ಕೆ ಹೋಗಿ ನೋಡಿ ಬಂದು ಹೇಳುತ್ತೇನೆ” ಎಂದಳು ಬಾಳವ್ವ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಅಡವಯ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಆ ಎರಡು ಊಟಗಳಲ್ಲಿ ಕೆಟ್ಟದ್ದು ಯಾವುದು, ಗುರುಗಳೇ?”

“ಎರಡು ಸಲವೂ ಅವನು ಉಂಡದ್ದು ಮುಗಿದುಹೋದ ಋತುವನ್ನು” ಎಂದರು ಗುರುಗಳು.